ತುದಿ ಕತ್ತರಿಸಬೇಡಿ, ಮಡಚಿ

ಪ್ರಶ್ನೆ: ಸರ್, ಮನೆಯಲ್ಲೇ ಬಿಡಿ ಮಾಡ್ಯೂಲ್‌ಗಳನ್ನು ಜೋಡಿಸುವ ಯೂರೋರ‍್ಯಾಕ್ ಸಿಂಥಸೈಜರ್ ಕಟ್ಟುತ್ತಿದ್ದೇನೆ. ವೇವ್‌ನ ಆಕಾರ ಬದಲಿಸುವ ವೇವ್‌ಶೇಪರ್‌ಗೆಂದು ಒಂದು ರೆಸಿಸ್ಟರ್ ಆದಮೇಲೆ ಎರಡು 1ಎನ್4148 ಡಯೋಡ್‌ಗಳನ್ನು ತಿರುವುಮುರುವಾಗಿ ಗ್ರೌಂಡ್‌ಗೆ ಹಾಕಿದೆ. ತ್ರಿಕೋನ ವೇವ್ ಕೊಟ್ಟರೆ ಸದ್ದು ಸಣ್ಣಗೆ, ಒರಟಾಗಿ ಬರುತ್ತದೆ. ನಾಬ್ ತಿರುಗಿಸಿದರೂ ಅಷ್ಟೇನೂ ಬದಲಾಗುವುದಿಲ್ಲ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ನಿಮ್ಮ ಡಯೋಡ್‌ಗಳದ್ದು ತಪ್ಪಿಲ್ಲ. ಸುಮಾರು 0.6 ವೋಲ್ಟ್ ದಾಟಿದ್ದನ್ನೆಲ್ಲ ಕತ್ತರಿಸುವುದೇ ಅವುಗಳ ಕೆಲಸ. 5 ವೋಲ್ಟ್‌ವರೆಗೆ ಏರುವ ವೇವ್‌ನಲ್ಲಿ ಆಮೇಲೆ ಉಳಿಯುವುದು ಹೆಚ್ಚುಕಮ್ಮಿ ಚೌಕ. ಇನ್ನೆಷ್ಟು ಜೋರು ಮಾಡಿದರೂ ಅದು ಚೌಕವೇ ಅಲ್ವಾ?

ನಿಮಗೆ ಬೇಕಿರುವುದು ವೇವ್‌ಫೋಲ್ಡರ್. ಅದು ತುದಿಯನ್ನು ಕತ್ತರಿಸದೆ ಕೆಳಕ್ಕೆ ಮಡಚುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ತಮ್ಮ 259 ಮಾಡ್ಯೂಲ್‌ನಲ್ಲಿ, ಸರ್ಜ್ ಚೆರೆಪ್ನಿನ್ ತಮ್ಮ ವೇವ್ ಮಲ್ಟಿಪ್ಲೈಯರ್‌ನಲ್ಲಿ ಹಿಡಿದ ದಾರಿ ಇದು. ಮೂಗ್ ಸಿಂಥ್‌ನಲ್ಲಿ ತುಂಬಿದ ಸದ್ದನ್ನು ಫಿಲ್ಟರ್ ಹಾಕಿ ಸೋಸುತ್ತಾರೆ. ಬುಕ್ಲಾ, ಚೆರೆಪ್ನಿನ್ ಸರಳ ವೇವ್‌ಗೇ ಹಾರ್ಮೋನಿಕ್ (ಮೂಲ ಸ್ವರದ ಎರಡು, ಮೂರು ಪಟ್ಟಿನ ಸ್ವರಗಳು) ತುಂಬಿದರು. ನನಗಂತೂ ಈ ದಾರಿಯೇ ಜಾಸ್ತಿ ಇಷ್ಟ.

ಕಟ್ಟಿದ್ದನ್ನು ಕೀಳಬೇಡಿ, ಅರ್ಧ ಫೋಲ್ಡರ್ ಆಗಲೇ ಅಲ್ಲಿದೆ. ಒಂದು ಟಿಎಲ್072 ಐಸಿ ತನ್ನಿ, ಅದರಲ್ಲಿ ಎರಡು ಆಪ್‌ಆಂಪ್ (ಪ್ಲಸ್, ಮೈನಸ್ ಎಂಬ ಎರಡು ಇನ್‌ಪುಟ್ ಇರುವ ಆಂಪ್ಲಿಫೈಯರ್) ಇರುತ್ತವೆ. ಮೊದಲನೆಯದನ್ನು ನಾಬ್ ಆದಮೇಲೆ ಬಫರ್ ಮಾಡಿ, ಅಂದರೆ ಅದು ವೇವನ್ನು ಬದಲಿಸದೆ ದಾಟಿಸಲಿ. ಅದರ ಔಟ್‌ಪುಟ್‌ನಿಂದ ಎರಡು 10ಕೆ (10 ಕಿಲೋಓಮ್) ರೆಸಿಸ್ಟರ್ ಹೊರಡಲಿ: ಒಂದು ಎರಡನೇ ಆಪ್‌ಆಂಪ್‌ನ ಮೈನಸ್‌ಗೆ, ಇನ್ನೊಂದು ಪ್ಲಸ್‌ಗೆ. ಎರಡನೇ ಆಪ್‌ಆಂಪ್‌ನ ಔಟ್‌ಪುಟ್‌ನಿಂದ ಅದರದೇ ಮೈನಸ್‌ಗೆ ಮತ್ತೊಂದು 10ಕೆ. ಡಯೋಡ್ ಜೋಡಿ ಪ್ಲಸ್‌ನಿಂದ ಗ್ರೌಂಡ್‌ಗೆ. ಡಯೋಡ್ ಸುಮ್ಮನಿರುವವರೆಗೆ ವೇವ್ ಇದ್ದ ಹಾಗೇ ದಾಟುತ್ತದೆ. ಡಯೋಡ್ ಹಿಡಿದ ಕೂಡಲೇ ಪ್ಲಸ್ ನಿಂತುಬಿಡುತ್ತದೆ, ಮೈನಸ್ ಕಡೆಯದು ಮಾತ್ರ ಮುಂದುವರಿಯುತ್ತದೆ. ಆಗ ಔಟ್‌ಪುಟ್ ತಿರುಗಿ ಇಳಿಯುತ್ತದೆ. ಇದೇ ಮಡಿಕೆ.

ಆದರೆ 0.6 ವೋಲ್ಟ್‌ಗೇ ಮಡಚಿದರೆ ತೀರಾ ಬೇಗ ಆಯಿತು. 5 ವೋಲ್ಟ್ ಹೊತ್ತಿಗೆ ಔಟ್‌ಪುಟ್ ಮೈನಸ್ 3.8ಕ್ಕೆ ಇಳಿದಿರುತ್ತದೆ, ಅಂದರೆ ತಲೆಕೆಳಗಾದ ತ್ರಿಕೋನವೇ ದೊಡ್ಡದಾಗಿ ಕೇಳುತ್ತದೆ. ಅದಕ್ಕೇ ಡಯೋಡ್ ಜಾಗದಲ್ಲಿ ಎರಡು ಕೆಂಪು ಎಲ್ಇಡಿ ಹಾಕಿ. ಆಗ ವೇವ್ ಸುಮಾರು 1.7 ವೋಲ್ಟ್‌ಗೆ ಏರಿ, ಮಡಚಿ, ಅಷ್ಟೇ ಕೆಳಗೆ ಹೋಗುತ್ತದೆ. ನಾಬ್ ತಿರುಗಿಸುತ್ತಾ ಹೋದಂತೆ ಸ್ವರದ ಬಣ್ಣ ಅರಳುವುದನ್ನು ಕೇಳಿ!

ಐಸಿಯ ಸಪ್ಲೈ ಪಿನ್‌ಗಳ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಇನ್‌ಪುಟ್‌ಗೆ ಸೈನ್ ಅಥವಾ ತ್ರಿಕೋನ ಕೊಡಿ. ಚೌಕದಲ್ಲಿ ಮಡಚಲು ಇಳಿಜಾರೇ ಇಲ್ಲ. ಇನ್‌ಪುಟ್‌ಗೆ ಸ್ವಲ್ಪ ಡಿಸಿ (ಏರಿಳಿತವಿಲ್ಲದ ವೋಲ್ಟೇಜ್) ಸೇರಿಸಿದರೆ ಸಮಸಂಖ್ಯೆಯ ಹಾರ್ಮೋನಿಕ್‌ಗಳೂ ಬರುತ್ತವೆ. ಇನ್ನೂ ದಟ್ಟವಾಗಿ ಬೇಕೆನಿಸಿದರೆ ಔಟ್‌ಪುಟ್ಟನ್ನು ಮೂರು ಪಟ್ಟು ಹೆಚ್ಚಿಸಿ ಇಂಥದ್ದೇ ಇನ್ನೊಂದು ಫೋಲ್ಡರ್‌ಗೆ ಕೊಡಿ.