ಹಗಲಲ್ಲಿ ಹೆಡ್‌ಲೈಟ್: ಬೆನ್ನಿಗೆ ಬಿಸಿಲಿದ್ದಾಗ ಮರೆಯದೆ ಹಚ್ಚಿರಿ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಮೋಟಾರು ವಾಹನ ನಿರೀಕ್ಷಕರ ಉತ್ತರ

ಪ್ರಶ್ನೆ: ಸೇಡಂ ಹತ್ತಿರದ ಹಳ್ಳಿಯಿಂದ ದಿನಾ ಕಾರಿನಲ್ಲಿ ಕಲಬುರಗಿಗೆ ಹೋಗಿ ಬರುತ್ತೇನೆ. ಹಗಲಲ್ಲೂ ಹೆಡ್‌ಲೈಟ್ ಹಚ್ಚಿಕೊಂಡು ಹೋಗು ಎಂದು ಗೆಳೆಯನೊಬ್ಬ ಹೇಳಿದ. ಹಚ್ಚಿದರೆ ಎದುರಿಗೆ ಬರುವವರೆಲ್ಲ ಕೈಬೆರಳು ಮುಚ್ಚಿ ತೆರೆದು ಲೈಟ್ ಆರಿಸಲು ಸನ್ನೆ ಮಾಡುತ್ತಾರೆ. ಬ್ಯಾಟರಿ ಇಳಿಯುತ್ತದೆಂದು ನಮ್ಮಪ್ಪ ಬೈಯುತ್ತಾರೆ. ಹಚ್ಚಬೇಕೋ, ಬೇಡವೋ?
– ಓದುಗರು, ಸೇಡಂ ತಾಲ್ಲೂಕು

ಹಚ್ಚಿರಿ. ಊರು ದಾಟಿ ಎರಡೇ ಪಥದ ರಸ್ತೆಗೆ ಬಿದ್ದ ಮೇಲೆ, ಡಿಪ್‌ನಲ್ಲಿ ಮಾತ್ರ, ಅಂದರೆ ಬೆಳಕು ಕೆಳಮುಖವಾಗಿ ಬೀಳುವ ಹಾಗೆ. ಹಗಲಲ್ಲಿ ಹೈ ಬೀಮ್ ಹಾಕಿದರೂ ಎದುರಿನವರ ಕಣ್ಣು ಕುಕ್ಕುತ್ತದೆ, ಅದು ಬೇಡವೇ ಬೇಡ.

ರಾತ್ರಿ ದೀಪ ಹಚ್ಚುವುದು ನಮಗೆ ದಾರಿ ಕಾಣಲೆಂದು. ಹಗಲಲ್ಲಿ ಹಚ್ಚುವುದು ನಾವು ಇನ್ನೊಬ್ಬರಿಗೆ ಕಾಣಲೆಂದು. ಕೆಲಸದಲ್ಲಿದ್ದಾಗ ಮುಸ್ಸಂಜೆ ಲೈಟಿಲ್ಲದೆ ಬಂದ ಗಾಡಿ ನಿಲ್ಲಿಸಿ ಕೇಳಿದರೆ ಬರುತ್ತಿದ್ದ ಉತ್ತರ ಒಂದೇ: ‘ಇನ್ನಾ ಬೆಳಕದರೀ ಸಾಹೇಬ್ರ, ನನಗ ಎಲ್ಲಾ ಛಲೋ ಕಾಣಸ್ತದ.’ ಅವರಿಗೆ ಕಾಣುತ್ತಿತ್ತು, ಸುಳ್ಳಲ್ಲ. ಅವರು ಎದುರಿನವನಿಗೆ ಕಾಣುತ್ತಿರಲಿಲ್ಲ.

ನಿಮ್ಮದೇ ರಸ್ತೆಯಲ್ಲಿ ನನಗಾದದ್ದನ್ನು ಹೇಳುತ್ತೇನೆ. ಒಂದು ಡಿಸೆಂಬರ್ ಸಂಜೆ, ಐದೂವರೆ ಇರಬಹುದು, ಸೇಡಂ ಕೆಲಸ ಮುಗಿಸಿ ಕಲಬುರಗಿ ಕಡೆ ಬರುತ್ತಿದ್ದೆ. ಮಳಖೇಡದಲ್ಲಿ ಕಾಗಿಣಾ ಸೇತುವೆ ದಾಟಿ ಸ್ವಲ್ಪ ದೂರ ಬಂದಿದ್ದೆ. ಸೂರ್ಯ ನೇರ ಎದುರಿಗೆ, ಕಣ್ಣಿನ ಮಟ್ಟಕ್ಕೆ ಇಳಿದಿದ್ದ. ಆ ಭಾಗದಲ್ಲಿ ಗಾಜಿನ ಮೇಲೆ ಸುಣ್ಣದಕಲ್ಲಿನ ಬಿಳಿ ಪುಡಿ ಕೂತೇ ಇರುತ್ತದೆ. ಅದರ ಮೇಲೆ ಓರೆ ಬಿಸಿಲು ಬಿದ್ದರೆ ಇಡೀ ಗಾಜು ಹಾಲು ಬಳಿದಂತಾಗುತ್ತದೆ. ಮುಂದೆ ಕಟ್ಟಿಗೆ ತುಂಬಿದ ಬಂಡಿಯಿತ್ತು. ರಸ್ತೆ ಖಾಲಿ ಎಂದುಕೊಂಡು ಬಲಕ್ಕೆ ಎಳೆದೆ. ಬಂಡಿಯ ಎತ್ತುಗಳ ಸಮಕ್ಕೆ ಬಂದಾಗ ಆ ಬೆಳಕಿನ ನಡುವಿನಿಂದ ಬೂದಿಬಣ್ಣದ ಜೀಪೊಂದು ಎದ್ದು ಬಂತು. ಬಂತು ಎನ್ನುವುದಕ್ಕಿಂತ, ಅಲ್ಲೇ ಇದ್ದದ್ದು ನನಗೆ ಆಗ ಕಂಡಿತು. ಅವನು ಹೊಲಕ್ಕೆ ಇಳಿಸಿದ, ನಾನು ಬ್ರೇಕ್ ಒತ್ತಿ ಬಂಡಿಯ ಹಿಂದೆ ಸರಿದೆ. ಇಬ್ಬರೂ ಉಳಿದೆವು. ಇಳಿದು ಬಂದ ಆ ಚಾಲಕ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಇಷ್ಟ್ ದೊಡ್ಡ ಗಾಡಿ ಕಾಣ್ಲಿಲ್ಲೇನ್ರಿ ನಿಮಗ?’

ಅವನ ಸಿಟ್ಟು ಸಹಜ. ಸೂರ್ಯ ಅವನ ಬೆನ್ನಿಗಿದ್ದ. ಅವನ ಕಣ್ಣಿಗೆ ರಸ್ತೆ, ಬಂಡಿ, ನನ್ನ ಕಾರು, ಕಾರಿನ ನಂಬರ್ ಪ್ಲೇಟು ಕೂಡ ಕನ್ನಡಿಯ ಹಾಗೆ ಸ್ಪಷ್ಟ. ನನ್ನ ಕಣ್ಣಿಗೆ ಅವನ ಗಾಡಿಯ ಮುಂಭಾಗವೆಲ್ಲ ನೆರಳು, ಸುತ್ತ ಉರಿಯುವ ಬೆಳಕು. ಆ ನೆರಳಿನಲ್ಲಿ ಎರಡು ದೀಪ ಹತ್ತಿದ್ದರೆ ಬಂಡಿಯ ಹಿಂದೆಯೇ ನಿಲ್ಲುತ್ತಿದ್ದೆ. ಆದ್ದರಿಂದ ಇದೊಂದನ್ನು ಗಟ್ಟಿಯಾಗಿ ನೆನಪಿಡಿ: ಬಿಸಿಲು ನಿಮ್ಮ ಬೆನ್ನಿಗಿದ್ದು ನಿಮಗೆ ಎಲ್ಲವೂ ಚೆನ್ನಾಗಿ ಕಾಣುತ್ತಿರುವ ಹೊತ್ತೇ ನೀವು ಎದುರಿನವನಿಗೆ ಕಾಣದ ಹೊತ್ತು. ನೀವಂತೂ ಮುಂಜಾನೆ ಸೇಡಂ ಕಡೆಯಿಂದ ಪಡುವಣಕ್ಕೆ, ಸಂಜೆ ಕಲಬುರಗಿಯಿಂದ ಮೂಡಣಕ್ಕೆ ಹೋಗುವವರು. ಎರಡು ಹೊತ್ತೂ ಸೂರ್ಯ ನಿಮ್ಮ ಬೆನ್ನಿಗೇ. ನಿಮಗೆ ಒಂದು ದಿನವೂ ಕಣ್ಣು ಕುಕ್ಕಿರಲಿಕ್ಕಿಲ್ಲ. ಲೈಟ್ ಯಾಕೆ ಬೇಕೆಂದು ಅನಿಸುವುದೂ ಅದಕ್ಕೇ.

ಲೆಕ್ಕವನ್ನೂ ನೋಡಿ. ನೀವು ಗಂಟೆಗೆ 80 ಕಿಲೋಮೀಟರಿನಲ್ಲಿ, ಎದುರಿನವನೂ 80ರಲ್ಲಿ ಬಂದರೆ ನಿಮ್ಮಿಬ್ಬರ ನಡುವಿನ ಅಂತರ ಸೆಕೆಂಡಿಗೆ 44 ಮೀಟರ್ ಕರಗುತ್ತದೆ. ಒಂದು ಲಾರಿಯನ್ನು ಹಿಂದಿಕ್ಕಲು 10 ಸೆಕೆಂಡ್ ಹಿಡಿದರೆ 440 ಮೀಟರ್ ಹೋಯಿತು. ಅಷ್ಟು ದೂರದಿಂದ ಮಣ್ಣು ಬಣ್ಣದ, ಬೂದಿ ಬಣ್ಣದ ಗಾಡಿ ಡಾಂಬರಿನಲ್ಲೇ ಬೆರೆತುಹೋಗಿರುತ್ತದೆ. ಹತ್ತಿದ ದೀಪ ಬೆರೆಯುವುದಿಲ್ಲ. ನಿಂತಿದೆಯೋ ಬರುತ್ತಿದೆಯೋ ಎಂಬ ಅನುಮಾನಕ್ಕೂ ಅದೇ ಉತ್ತರ. ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ರಸ್ತೆಯ ಮೇಲೆ ನೀರು ನಿಂತ ಹಾಗೆ ಬಿಸಿಲ್ಗುದುರೆ ಕುಣಿಯುವಾಗ ದೂರದ ಬೈಕು ಅದರೊಳಗೆ ಮುಳುಗಿ ಏಳುತ್ತಿರುತ್ತದೆ. ಇನ್ನು ನವೆಂಬರಿನಲ್ಲಿ ಎರಡೂ ಬದಿಗೆ ಆಳೆತ್ತರದ ತೊಗರಿ ನಿಂತಿದ್ದಾಗ ಹೊಲದ ದಾರಿಯಿಂದ ರಸ್ತೆಗೆ ಏರುವವನು ಅರೆಗಳಿಗೆ ಕತ್ತು ಹೊರಳಿಸಿ ನೋಡುತ್ತಾನೆ, ಅಷ್ಟೇ. ಆ ಅರೆಗಳಿಗೆಯಲ್ಲಿ ನೀವು ಅವನ ಕಣ್ಣಿಗೆ ಬೀಳಬೇಕು.

ಸ್ವೀಡನ್ 1977ರಲ್ಲೇ ಎಲ್ಲ ವಾಹನಗಳಿಗೂ ಹಗಲುದೀಪ ಕಡ್ಡಾಯ ಮಾಡಿತು. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಇಡೀ ದಿನ ಕೆಳಗೇ ಇರುತ್ತಾನೆ. ಯುರೋಪಿನ ಒಕ್ಕೂಟ 2011ರಿಂದ ಹೊಸ ಮಾದರಿಯ ಕಾರುಗಳಲ್ಲಿ ತಾನಾಗಿ ಹತ್ತುವ ಹಗಲುದೀಪ ಇರಲೇಬೇಕೆಂದಿತು. ಆದರೆ ಆಸ್ಟ್ರಿಯಾ 2005ರಲ್ಲಿ ಕಡ್ಡಾಯ ಮಾಡಿ 2008ರಲ್ಲಿ ಹಿಂತೆಗೆದುಕೊಂಡಿತು. ಎಲ್ಲ ಕಾರುಗಳೂ ಬೆಳಗುತ್ತಿದ್ದರೆ ದೀಪವೇ ಇಲ್ಲದ ಪಾದಚಾರಿ, ಸೈಕಲ್ಲಿನವರ ಮೇಲೆ ಗಮನ ಹೋಗುವುದಿಲ್ಲ ಎಂಬ ವಾದ ಅಲ್ಲಿ ಬಂತು. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ, ನಡುಮಧ್ಯಾಹ್ನ, ನಿಧಾನವಾಗಿ ಸಾಗುವಾಗ ಹೆಡ್‌ಲೈಟಿನಿಂದ ಏನೂ ಲಾಭವಿಲ್ಲ, ಆರಿಸಿರಿ. ನಮ್ಮಲ್ಲಿ ಕಾರಿಗೆ ಹಗಲಿಡೀ ದೀಪ ಹಚ್ಚಬೇಕೆಂಬ ಕಾನೂನಿಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 105ರಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲಷ್ಟೇ ಅಲ್ಲ, ಸಾಕಷ್ಟು ಬೆಳಕಿಲ್ಲದ ಯಾವುದೇ ಹೊತ್ತಿನಲ್ಲಿ ದೀಪ ಹತ್ತಿರಬೇಕು ಎಂದಿದೆ. ಮೋಡ ಕವಿದ ಮಳೆಯ ಮಧ್ಯಾಹ್ನವೂ ಅದರಲ್ಲಿ ಬಂತು.

ನಿಮ್ಮಪ್ಪನವರಿಗೆ ಹೀಗೆ ತಿಳಿಸಿ ಹೇಳಿ. ಇಂಜಿನ್ ಓಡುವಾಗ ದೀಪಕ್ಕೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ಇಂಜಿನ್ನಿನ ಬಲದಿಂದ ಕರೆಂಟು ಮಾಡುವ ಆಲ್ಟರ್ನೇಟರಿನಿಂದ. 55 ವಾಟಿನ ಎರಡು ಬಲ್ಬು, ಹಿಂದಿನ ಸಣ್ಣ ದೀಪ ಸೇರಿ 130 ವಾಟ್ ಆಸುಪಾಸು. ಎಸಿಯ ಮುಂದೆ ಅದು ಯಾವ ಲೆಕ್ಕ? ಎಣ್ಣೆ ಖರ್ಚು ನೂರಕ್ಕೆ ಒಂದೆರಡು ಪಾಲು ಹೆಚ್ಚಾದೀತು, ಬಲ್ಬು ಸ್ವಲ್ಪ ಬೇಗ ಸುಡುತ್ತದೆ. ಬ್ಯಾಟರಿ ಇಳಿಯುವುದು ಇಂಜಿನ್ ಬಂದ್ ಮಾಡಿ ಲೈಟ್ ಮರೆತಾಗ. ಅವರು ಹೆದರುವುದೂ ಅದಕ್ಕೇ ಇರಬೇಕು, ಗಾಡಿ ನಿಲ್ಲಿಸಿದಾಗ ಒಮ್ಮೆ ನೋಡಿ ಇಳಿಯಿರಿ.

ನಿಮ್ಮ ಕಾರಿನಲ್ಲಿ ತಾನಾಗಿ ಹತ್ತುವ ಹಗಲುದೀಪ ಇದ್ದರೆ ಹಗಲಿಗೆ ಅದು ಸಾಕು. ಅಪಾಯ ಇರುವುದು ಸಂಜೆ. ಬಹಳಷ್ಟು ಕಾರುಗಳಲ್ಲಿ ಅದು ಮುಂದೆ ಮಾತ್ರ ಹತ್ತುತ್ತದೆ, ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಮೀಟರ್ ಬೋರ್ಡು ಮಾತ್ರ ಸದಾ ಬೆಳಗುತ್ತಿರುತ್ತದೆ. ಲೈಟ್ ಹಚ್ಚಿದ್ದೇನೆ ಎಂದುಕೊಂಡೇ ಕತ್ತಲಾಗುವವರೆಗೂ ಹಿಂದೆ ಏನೂ ಕಾಣದ ಗಾಡಿ ಓಡಿಸುತ್ತೀರಿ. ಒಂದು ಸಂಜೆ ಮನೆಯ ಮುಂದೆ ಇಂಜಿನ್ ಚಾಲೂ ಇಟ್ಟು ಇಳಿದು ಹಿಂದೆ ಹೋಗಿ ನೋಡಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರಿನ ಅಣ್ಣತಮ್ಮಂದಿರಲ್ಲೂ ನನ್ನ ಕೈಮುಗಿದ ವಿನಂತಿ ಇದೇ: ಹಿಂದಿನ ಕೆಂಪು ರಿಫ್ಲೆಕ್ಟರ್ ಹಚ್ಚಿಸಿರಿ, ಕಬ್ಬಿನ ಗರಿ ಅದನ್ನು ಮುಚ್ಚದಂತೆ ನೋಡಿರಿ.

ಇನ್ನು ಕೈಸನ್ನೆ ಮಾಡುವವರ ಮಾತು. ಅವರು ಕಾಳಜಿಯಿಂದ ಹೇಳುತ್ತಾರೆ, ತಲೆಯಾಡಿಸಿ ಮುಂದೆ ಹೋಗಿ. ಅವರ ಕೈ ಎದ್ದಿತೆಂದರೆ ನೀವು ಅವರಿಗೆ ಕಂಡಿರಿ ಎಂದೇ ಅರ್ಥ.

ಪ್ರಶ್ನೆ: ನನ್ನ ಬೈಕಿನ ಹೆಡ್‌ಲೈಟಿಗೆ ಸ್ವಿಚ್ಚೇ ಇಲ್ಲ. 200 ರೂಪಾಯಿ ಕೊಟ್ಟರೆ ಹಾಕಿಕೊಡುತ್ತೇನೆಂದು ಮೆಕ್ಯಾನಿಕ್ ಹೇಳುತ್ತಾನೆ. ಹಾಕಿಸಲೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಬೇಡ. 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಜೊತೆಗೇ ಹೆಡ್‌ಲೈಟ್ ಹತ್ತಬೇಕೆಂಬುದು ನಿಯಮ. ಕಂಪನಿ ಮಾಡಿಕೊಟ್ಟದ್ದನ್ನು ಹೀಗೆ ಬದಲಿಸುವುದು ಕಾನೂನಿಗೂ ವಿರುದ್ಧ. ಕಾನೂನು ಬಿಡಿ, ಬೈಕು ಎದುರಿನಿಂದ ನೋಡಿದರೆ ಒಂದು ಗೇಣು ಅಗಲ. ಲಾರಿ ಚಾಲಕ ತಿರುಗುವ ಮುನ್ನ ನೋಡುವ ಆ ಒಂದು ನೋಟದಲ್ಲಿ ಅವನಿಗೆ ಸಿಗುವುದು ನಿಮ್ಮ ದೀಪವೊಂದೇ. ಆ 200 ರೂಪಾಯಿಯಲ್ಲಿ ಹೆಡ್‌ಲೈಟಿನ ಮೂತಿ ಮೇಲೆದ್ದಿದ್ದರೆ ಸರಿ ಮಾಡಿಸಿಕೊಳ್ಳಿ.

ಪ್ರಶ್ನೆ: ಚಳಿಗಾಲದಲ್ಲಿ ಬೀದರ ಸುತ್ತ ಮುಂಜಾನೆ ಮಂಜು ಬಿದ್ದಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುತ್ತೇನೆ. ಸರಿಯೇ?
– ಓದುಗರು, ಭಾಲ್ಕಿ

ಓಡುವಾಗ ಹಾಕಬೇಡಿ. ನಿಂತ ಗಾಡಿ ಎಂದು ಹಿಂದಿನವನು ತಪ್ಪು ತಿಳಿದು ಬಲಕ್ಕೆ ಎಳೆಯುತ್ತಾನೆ, ಮೇಲಾಗಿ ನೀವು ಎತ್ತ ತಿರುಗುತ್ತೀರೆಂದು ಯಾರಿಗೂ ಗೊತ್ತಾಗುವುದಿಲ್ಲ. ಡಿಪ್‌ನಲ್ಲಿ ಹೆಡ್‌ಲೈಟ್ ಹಚ್ಚಿ, ಫಾಗ್ ಲೈಟಿದ್ದರೆ ಅದನ್ನೂ. ಹೈ ಬೀಮ್ ಹಾಕಿದರೆ ಮಂಜಿನ ಹನಿಗಳಿಗೆ ಬಡಿದ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಬರುತ್ತದೆ. ಮುಂದಿನ ದಾರಿಯೇ ಕಾಣದಷ್ಟು ಕವಿದರೆ ರಸ್ತೆ ಬಿಟ್ಟು ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಾಕುವುದು ಆಗ.