ಗದ್ದದ ಕೂದಲು, ಮದುವೆಯ ದಿನಾಂಕ: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಶಾರದಾ ಎಂದು ಕರೆದಿರುವವರ ನಿಜವಾದ ಹೆಸರು ಬೇರೆ. ಗುರುತು ಸಿಗದಂತೆ ಊರು, ವಯಸ್ಸು ಹಾಗೂ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಬರೆದದ್ದನ್ನು ಅವರು ಓದಿ ಎರಡು ಕಡೆ ತಿದ್ದಿಯೂ ಕೊಟ್ಟಿದ್ದಾರೆ.

ಶಾರದಾ ಮಧ್ಯ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ, ವಯಸ್ಸು 28. ಮೊದಲ ದಿನ ನನ್ನ ಕೊಠಡಿಗೆ ಬಂದವರು ಕಿಟಕಿಗೆ ಎದುರಾಗಿದ್ದ ಕುರ್ಚಿಯನ್ನು ತಿರುಗಿಸಿ, ಬೆಳಕು ಬೆನ್ನಿಗೆ ಬೀಳುವಂತೆ ಕುಳಿತರು. ಮಾತನಾಡುವಷ್ಟು ಹೊತ್ತೂ ಎಡಗೈ ಗದ್ದದ ಮೇಲೇ ಇತ್ತು. ಯೋಚನೆಯಲ್ಲಿರುವವರು ಗದ್ದಕ್ಕೆ ಕೈಯಿಟ್ಟು ಕೂರುವ ರೀತಿ ಅದಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಏನನ್ನೋ ಹುಡುಕುತ್ತಿದ್ದವು.

ಅವರ ಪ್ರಶ್ನೆ ನೇರವಾಗಿತ್ತು. "ಮೇಡಂ, ಎಲೆಕ್ಟ್ರೋಲಿಸಿಸ್ ಮಾಡಿಸಿದರೆ ಕೂದಲು ಮತ್ತೆ ಬರುವುದೇ ಇಲ್ಲವಂತೆ. ನನ್ನ ಮದುವೆಗೆ ಇನ್ನು ಹನ್ನೊಂದು ವಾರ ಇದೆ. ಅಷ್ಟರೊಳಗೆ ಮುಗಿಸಿಕೊಳ್ಳಬೇಕು. ಮನೆಯಲ್ಲಿ ಹೇಳುವುದು ಹೇಗೆ ಅಂತ ಕೇಳೋಣ ಅಂತ ಬಂದೆ." ಕೂದಲಿನ ಬುಡಕ್ಕೆ ತೆಳುವಾದ ಸೂಜಿ ಇಳಿಸಿ, ವಿದ್ಯುತ್ ಹಾಯಿಸಿ ಅದನ್ನು ನಾಶಪಡಿಸುವ ವಿಧಾನವೇ ಎಲೆಕ್ಟ್ರೋಲಿಸಿಸ್.

ಆಗ ನಾನೊಂದು ತಪ್ಪು ಮಾಡಿದೆ. "ಇದು ಎಷ್ಟೋ ಹೆಣ್ಣುಮಕ್ಕಳಿಗೆ ಇರುವ ತೊಂದರೆ, ಇಷ್ಟು ಹಚ್ಚಿಕೊಳ್ಳಬೇಡಿ" ಎಂದುಬಿಟ್ಟೆ. ಅವರು ತಲೆ ತಗ್ಗಿಸಿ ಸುಮ್ಮನಾದರು. ಹನ್ನೆರಡು ವರ್ಷ ಒಬ್ಬರೇ ಹೊತ್ತು ತಿರುಗಿದ ಭಾರವನ್ನು ಮೊದಲ ಬಾರಿ ಇಳಿಸಲು ಬಂದವರಿಗೆ ಅದು ಭಾರವೇ ಅಲ್ಲ ಎಂದಂತಾಯಿತು. ಕ್ಷಮೆ ಕೇಳಿ, ಅವರ ಒಂದು ದಿನ ಹೇಗೆ ಆರಂಭವಾಗುತ್ತದೆ ಎಂದು ಕೇಳಿದೆ. ಉತ್ತರ ಬರಲು ಹೊತ್ತು ಹಿಡಿಯಿತು.

ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ, ಮನೆಯವರು ಏಳುವ ಮೊದಲೇ, ಅವರು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಾರೆ. ದೊಡ್ಡದಾಗಿ ಕಾಣಿಸುವ ಕನ್ನಡಿ, ಪ್ಲಕ್ಕರ್, ಮುಕ್ಕಾಲು ಗಂಟೆ. ಇನ್ನೊಂದು ಪ್ಲಕ್ಕರ್ ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿರುತ್ತದೆ. ಊಟದ ಬಿಡುವಿನಲ್ಲಿ ಪ್ರಯೋಗಾಲಯದ ಪಕ್ಕದ ಸಾಮಾನು ಕೋಣೆಯಲ್ಲಿ ಮತ್ತೊಮ್ಮೆ ನೋಡಿಕೊಳ್ಳುತ್ತಾರೆ. ಮಕ್ಕಳು ನೋಟ್ ಪುಸ್ತಕ ತೋರಿಸಲು ಹತ್ತಿರ ಬಂದರೆ ಪುಸ್ತಕವನ್ನೇ ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಓದುತ್ತಾರೆ. ನಿಶ್ಚಿತಾರ್ಥದ ದಿನ ಹುಡುಗನ ಅಕ್ಕ ಕುಂಕುಮ ಇಡಲು ಬಗ್ಗಿದಾಗ ಉಸಿರು ಕಟ್ಟಿ ಕುಳಿತಿದ್ದನ್ನು ಹೇಳುವಾಗ ಅವರ ಕಣ್ಣು ತುಂಬಿಕೊಂಡಿತು.

ಹದಿನಾರನೆಯ ವಯಸ್ಸಿನಲ್ಲಿ ಆರಂಭವಾದ ಕೂದಲಿಗೆ ಮನೆಯಲ್ಲಿ ಕಡಲೆಹಿಟ್ಟು, ಅರಿಶಿನ ಹಚ್ಚಿದ್ದಾಯಿತು. ಪಾರ್ಲರಿನಲ್ಲಿ ಥ್ರೆಡ್ಡಿಂಗ್ ಆಯಿತು. ಕೆಲಸ ಸಿಕ್ಕ ಮೇಲೆ ಯಾರಿಗೂ ಹೇಳದೆ ಆರು ಸಿಟ್ಟಿಂಗ್ ಲೇಸರ್ ಮಾಡಿಸಿದರು. ಕೆಲವು ತಿಂಗಳು ಕಡಿಮೆಯಾದ ಕೂದಲು ಮರಳಿ ಬಂತು. ಅಷ್ಟೇ ಅಲ್ಲದೆ, ಮೊದಲು ನವಿರಾಗಿದ್ದ ಕೆನ್ನೆಯ ಅಂಚಿನ ರೋಮವೂ ಕಪ್ಪಾಗಿ ದಪ್ಪವಾಯಿತು. "ಒಪ್ಪವಾಗಿ ಇದ್ದದ್ದನ್ನು ನಾನೇ ಕೆಡಿಸಿಕೊಂಡೆ" ಎಂಬ ತಪ್ಪಿತಸ್ಥ ಭಾವನೆ ಅಲ್ಲಿಂದ ಅಂಟಿಕೊಂಡಿತ್ತು. ಲೇಸರಿನ ಬಳಿಕ ರೋಮ ಹೀಗೆ ದಪ್ಪವಾಗುವುದು ವೈದ್ಯರಿಗೆ ಗೊತ್ತಿರುವ ವಿಷಯ. ಮುಖದ ಮೇಲೆ, ಗೋಧಿಬಣ್ಣದ ಅಥವಾ ಅದಕ್ಕಿಂತ ಗಾಢವಾದ ಚರ್ಮದಲ್ಲಿ, ಹಾರ್ಮೋನ್ ಏರುಪೇರಿರುವ ಹೆಂಗಸರಲ್ಲಿ ಇದು ಕಂಡುಬರುತ್ತದೆ. ಇದನ್ನು ಹೇಳಿದಾಗ ಶಾರದಾ "ಹಾಗಾದರೆ ನನ್ನ ತಪ್ಪಲ್ಲವೇ?" ಎಂದು ಎರಡು ಸಲ ಕೇಳಿದರು. ಅವರ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು. ಅದಕ್ಕೂ ಗದ್ದದ ಕೂದಲಿಗೂ ಸಂಬಂಧವಿರಬಹುದು ಎಂದು ಅಷ್ಟು ವರ್ಷಗಳಲ್ಲಿ ಒಬ್ಬರೂ ಅವರಿಗೆ ಹೇಳಿರಲಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಸೂಜಿಯ ಬಗ್ಗೆ ಇರಲಿಲ್ಲ. ಸ್ತ್ರೀರೋಗ ತಜ್ಞೆಯ ಬಗ್ಗೆ ಇತ್ತು. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆಯ ಮಟ್ಟ, ಅಗತ್ಯವಿದ್ದರೆ ಸ್ಕ್ಯಾನಿಂಗ್, ಇವೆಲ್ಲ ಆಗದೆ ಚರ್ಮದ ಮೇಲಿನ ಕೂದಲನ್ನಷ್ಟೇ ತೆಗೆಯುತ್ತಾ ಹೋದರೆ ಒಳಗಿನ ಹಾರ್ಮೋನ್ ಹೊಸ ಹೊಸ ಬುಡಗಳನ್ನು ಎಬ್ಬಿಸುತ್ತಲೇ ಇರುತ್ತದೆ. ಕೂದಲು ಕೆಲವೇ ತಿಂಗಳಲ್ಲಿ ಏಕಾಏಕಿ ಹೆಚ್ಚಿ, ದನಿಯೂ ಗಡುಸಾಗಿದ್ದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ಶಾರದಾ ಅವರಿಗೆ ಹಾಗಿರಲಿಲ್ಲ. ಮದುವೆ ಹತ್ತಿರವಿರುವುದನ್ನು ವೈದ್ಯರಿಗೆ ತಪ್ಪದೇ ತಿಳಿಸಿ ಎಂದು ಒತ್ತಿ ಹೇಳಿದೆ, ಏಕೆಂದರೆ ಈ ತೊಂದರೆಗೆ ಕೊಡುವ ಕೆಲವು ಮಾತ್ರೆಗಳನ್ನು ಗರ್ಭ ಧರಿಸುವ ಯೋಚನೆ ಇರುವವರು ಸೇವಿಸುವಂತಿಲ್ಲ. ಪರೀಕ್ಷೆಯಲ್ಲಿ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ, ಮುಖದಲ್ಲಿ ಕೂದಲು ಹೆಚ್ಚುವ ತೊಂದರೆ ಎಂದು ಗೊತ್ತಾಯಿತು. ಮಾತ್ರೆಯಿಂದ ಕೂದಲಿನಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು ಎಂದು ವೈದ್ಯೆ ತಿಳಿಸಿದರು.

ಎರಡನೆಯ ಭೇಟಿಯಲ್ಲಿ ಎಲೆಕ್ಟ್ರೋಲಿಸಿಸ್ ಬಗ್ಗೆ ಮಾತನಾಡಿದೆವು. ಆಪ್ತಸಲಹೆಗಾರ್ತಿಗೆ ಈ ತಾಂತ್ರಿಕ ವಿಷಯ ಏಕೆ ಎಂದು ಕೇಳಬಹುದು. ಅವರ ಆತಂಕದ ಅರ್ಧ ಭಾಗ ಅರೆಬರೆ ತಿಳಿವಳಿಕೆಯಿಂದ ಬಂದಿತ್ತು. ಅದು ಸರಿಯಾಗದೆ ಉಳಿದರ್ಧಕ್ಕೆ ಕೈ ಹಾಕುವಂತಿರಲಿಲ್ಲ. ಇದು ಪಾರ್ಲರಿನವರು ಈಚೆಗೆ ಕಂಡುಹಿಡಿದದ್ದಿರಬೇಕು ಎಂದು ಅವರು ಭಾವಿಸಿದ್ದರು. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್, ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಯನ್ನು ಉಜ್ಜುವ ರೆಪ್ಪೆಗೂದಲನ್ನು ತೆಗೆಯಲು ಈ ವಿಧಾನವನ್ನು ಬಳಸಿದ್ದನ್ನು ಹೇಳಿದಾಗ ಅವರ ಮುಖದಲ್ಲಿ ಶಿಕ್ಷಕಿಯ ಕುತೂಹಲ ಮೂಡಿತು. ಬಳಿಕ ಕೆಲಸ ಸುಲಭವಾಯಿತು.

ಹತ್ತನೆಯ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠದಲ್ಲಿ ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿದರೆ ಏನಾಗುತ್ತದೆ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುವವರು ಅವರೇ. ಕೂದಲಿನ ಬುಡದಲ್ಲೂ ಉಪ್ಪಿನಂಶದ ನೀರಿದೆ. ಕೂದಲಿನಷ್ಟೇ ತೆಳುವಾದ ಸೂಜಿಯನ್ನು ಅದರ ಪಕ್ಕದಲ್ಲೇ ಬುಡದವರೆಗೆ ಇಳಿಸಿ ನೇರ ವಿದ್ಯುತ್ ಹಾಯಿಸಿದಾಗ, ಋಣಾಗ್ರವಾದ ಆ ಸೂಜಿಯ ತುದಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗಿ ಕೂದಲನ್ನು ಬೆಳೆಸುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಅಧಿಕ ಆವರ್ತನದ ವಿದ್ಯುತ್ತಿನಿಂದ ಶಾಖ ಹುಟ್ಟಿಸಿ ಸುಡುವ ಥರ್ಮಾಲಿಸಿಸ್ ಇನ್ನೊಂದು ಬಗೆ. ಎರಡನ್ನೂ ಸೇರಿಸಿದ್ದು ಬ್ಲೆಂಡ್. ಲೇಸರ್ ಕೂದಲಿನ ಕಪ್ಪು ಬಣ್ಣವನ್ನು ಗುರಿಯಾಗಿಸುತ್ತದೆ. ಸೂಜಿಗೆ ಬಣ್ಣದ ಹಂಗಿಲ್ಲ, ಆದ್ದರಿಂದ ಬಿಳಿಗೂದಲಿಗೂ ಯಾವುದೇ ಮೈಬಣ್ಣಕ್ಕೂ ಇದು ಆಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ "ಶಾಶ್ವತ ನಿವಾರಣೆ" ಎಂಬ ಮಾತನ್ನು ಎಲೆಕ್ಟ್ರೋಲಿಸಿಸ್‌ಗೆ ಒಪ್ಪುತ್ತದೆ, ಲೇಸರಿಗೆ "ಶಾಶ್ವತ ಇಳಿಕೆ" ಎಂದಷ್ಟೇ ಹೇಳಲು ಬಿಡುತ್ತದೆ.

ಆದರೆ ಆ "ಶಾಶ್ವತ" ಎಂಬ ಪದ ಒಂದೊಂದು ಬುಡಕ್ಕೆ ಅನ್ವಯಿಸುತ್ತದೆಯೇ ಹೊರತು ಇಡೀ ಮುಖಕ್ಕಲ್ಲ. ಬೆಳವಣಿಗೆಯ ಹಂತದಲ್ಲಿರುವ ಕೂದಲಿನ ಬುಡವನ್ನು ಮಾತ್ರ ಚೆನ್ನಾಗಿ ನಾಶಪಡಿಸಬಹುದು, ಮತ್ತು ಎಲ್ಲ ಬುಡಗಳೂ ಒಂದೇ ಹೊತ್ತಿಗೆ ಆ ಹಂತದಲ್ಲಿ ಇರುವುದಿಲ್ಲ. ಆದ್ದರಿಂದ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೂತು, ಒಂದೊಂದೇ ಕೂದಲನ್ನು ತೆಗೆಸುತ್ತಾ ಹೋದರೆ ಗದ್ದ ಪೂರ್ತಿಯಾಗಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಹಿಡಿಯುತ್ತದೆ. ಹನ್ನೊಂದು ವಾರದಲ್ಲಿ ಆಗುವ ಕೆಲಸವಲ್ಲ ಎಂದು ನಾನು ಮಾತು ತೇಲಿಸದೆ ಹೇಳಿದೆ. ಅವರು ಅತ್ತರು. ನಾನು ಸಮಾಧಾನಕ್ಕೆ ಆತುರಪಡಲಿಲ್ಲ.

ಇದಲ್ಲದೆ ಸೂಜಿ ಹಾಕಿದ ಜಾಗ ಕೆಲವು ದಿನ ಕೆಂಪಾಗಿ, ಸಣ್ಣ ಸಣ್ಣ ಹಕ್ಕಳೆ ಕಟ್ಟುತ್ತದೆ. ನಮ್ಮ ಮೈಬಣ್ಣದಲ್ಲಿ ಕಪ್ಪು ಚುಕ್ಕೆಗಳು ಉಳಿದು ತಿಂಗಳುಗಟ್ಟಲೆ ಕಾಡಬಹುದು. ಮದುವೆಗೆ ಮುಂಚಿನ ವಾರಗಳಲ್ಲಿ ಅವಸರದ ಸಿಟ್ಟಿಂಗ್ ಬೇಡವೇ ಬೇಡ ಎಂಬುದು ನನ್ನ ಖಚಿತ ಸಲಹೆಯಾಗಿತ್ತು. ಮದುವೆಯ ನಂತರ, ಚರ್ಮರೋಗ ತಜ್ಞರನ್ನು ಕಂಡು, ಗದ್ದದ ಕೆಳಗಿನ ಮರೆಯ ಜಾಗದಲ್ಲಿ ಮೊದಲು ಸ್ವಲ್ಪ ಮಾಡಿಸಿ ನೋಡುವುದು. ಸೂಜಿಯ ಪೊಟ್ಟಣವನ್ನು ತಮ್ಮ ಕಣ್ಣೆದುರೇ ಒಡೆಯುವಂತೆ ಕೇಳುವುದು, ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಂದರೆ ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಸೋಂಕಿನ ಭಯವಿದೆ. ಸರಿಯಾಗಿ ಮಾಡಿದರೆ ಕೂದಲು ಕಿತ್ತಂತೆ ಎಳೆಯದೆ ಜಾರಿ ಬರುತ್ತದೆ, ಪ್ರತಿಸಲವೂ ಕಿತ್ತ ಅನುಭವವಾದರೆ ಅಲ್ಲಿ ಮುಂದುವರಿಸದಿರುವುದು. ಗಾಯವಾದ ಕಡೆ ಉಬ್ಬಿದ ಕಲೆ ಬೆಳೆಯುವ ಪ್ರವೃತ್ತಿ ಉಳ್ಳವರು ಮತ್ತು ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರ ಒಪ್ಪಿಗೆಯಿಲ್ಲದೆ ಇದಕ್ಕೆ ಹೋಗಬಾರದು. ಶಾರದಾ ಅವರಿಗೆ ಕಿವಿ ಚುಚ್ಚಿದ್ದಲ್ಲಿ ಉಬ್ಬು ಬಂದಿರಲಿಲ್ಲ.

ಹಾಗಾದರೆ ಅಲ್ಲಿಯವರೆಗೆ? ಅತ್ಯಂತ ಕಷ್ಟವಾದದ್ದು ಈ ಭಾಗವೇ. ಪ್ಲಕ್ಕರ್ ಬಿಡಬೇಕಿತ್ತು. ಕಿತ್ತರೆ ಚರ್ಮ ಗಾಯವಾಗುತ್ತದೆ, ಕಲೆ ಉಳಿಯುತ್ತದೆ, ಮುಂದೆ ಸೂಜಿ ಹಾಕಲು ಕೂದಲೇ ಸಿಗುವುದಿಲ್ಲ. ಮುಖಕ್ಕೆ ಬಳಸುವ ಸಣ್ಣ ರೇಜರಿನಲ್ಲಿ ತೆಗೆಯಬಹುದು ಎಂದಾಗ ಅವರು ಬೆಚ್ಚಿದರು. ಬೋಳಿಸಿದರೆ ದಪ್ಪವಾಗಿ ಬರುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ಬೋಳಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಒರಟಾಗಿ ತಾಗುತ್ತದೆ, ಬುಡಕ್ಕೆ ಏನೂ ಆಗುವುದಿಲ್ಲ ಎಂದು ವಿವರಿಸಿದೆ. ಆದರೂ ರೇಜರ್ ಎಂದರೆ ಗಂಡಸರ ವಸ್ತು ಎಂಬ ನೋವನ್ನು ವಿವರಣೆಯಿಂದ ತೆಗೆಯಲಾಗುವುದಿಲ್ಲ. ಆ ನೋವಿನ ಬಗ್ಗೆಯೇ ಒಂದು ಪೂರ್ತಿ ಗಂಟೆ ಮಾತನಾಡಿದೆವು. ದೊಡ್ಡದಾಗಿ ಕಾಣಿಸುವ ಕನ್ನಡಿಯನ್ನು ಅಮ್ಮನ ಕಪಾಟಿನಲ್ಲಿಟ್ಟು, ದಿನಕ್ಕೊಮ್ಮೆ, ಹತ್ತು ನಿಮಿಷ, ಗೋಡೆಯ ಕನ್ನಡಿಯಲ್ಲಿ ಮಾತ್ರ ನೋಡಿಕೊಳ್ಳುವುದು ಎಂಬ ಒಪ್ಪಂದವಾಯಿತು. ಬೆರಳು ಗದ್ದಕ್ಕೆ ಹೋದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಎಳೆಯಲು ಹೇಳಿದೆ. ಮೊದಲ ವಾರದ ಪುಟದಲ್ಲಿ ಎಣಿಸಲಾಗದಷ್ಟು ಗೀಟುಗಳಿದ್ದವು. ಐದನೆಯ ವಾರಕ್ಕೆ ಎಣಿಸುವಂತಾದವು.

ಮೂರನೆಯ ಭೇಟಿಗೆ ಅವರ ತಾಯಿಯೂ ಬಂದರು. "ನನಗೂ ಇತ್ತು ಕಣಮ್ಮ, ನಿನಗೆ ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ" ಎಂದು ಮಗಳ ಕೈ ಹಿಡಿದುಕೊಂಡರು. ಚಿಕಿತ್ಸೆಗೆ ಸಾಲ ಮಾಡುವ ಯೋಚನೆಯೂ ಶಾರದಾ ಅವರಿಗಿತ್ತು, ಆ ಮಾತು ಅಲ್ಲಿಗೆ ನಿಂತಿತು. ಮದುವೆಯ ಖರ್ಚಿನಲ್ಲಿ ಸೇರಿಸದೆ, ಸಂಬಳದಿಂದ ತಿಂಗಳು ತಿಂಗಳು ಎತ್ತಿಡುವುದು ಎಂದು ತಾಯಿ ಮಗಳೇ ನಿರ್ಧರಿಸಿದರು.

ಹುಡುಗನಿಗೆ ಹೇಳಬೇಕೇ ಎಂಬ ಪ್ರಶ್ನೆಗೆ ನಾನು ಅಪ್ಪಣೆಯಂಥ ಉತ್ತರ ಕೊಡಲಿಲ್ಲ. ಮುಖದ ಕೂದಲು ಯಾರಿಗೂ ಒಪ್ಪಿಸಬೇಕಾದ ತಪ್ಪಲ್ಲ. ಪಿಸಿಓಎಸ್ ವಿಷಯ ಬೇರೆ. ಮುಟ್ಟು, ಮಾತ್ರೆ, ಮಕ್ಕಳ ಯೋಚನೆ ಇವು ಇಬ್ಬರಿಗೂ ಸೇರಿದ್ದು, ಮದುವೆಗೆ ಮೊದಲೇ ತಿಳಿಸುವುದು ಒಳ್ಳೆಯದು ಎಂದೆ. ಯಾವ ಮಾತಿನಿಂದ ಆರಂಭಿಸುವುದು ಎಂದು ಕೊಠಡಿಯಲ್ಲಿ ನಾಲ್ಕಾರು ಸಲ ಹೇಳಿ ನೋಡಿದರು. ಕೊನೆಗೆ ಫೋನಿನಲ್ಲಿ ಹೇಳಿದ್ದು ಮೂರೇ ವಾಕ್ಯ. ಆತ ಕೇಳಿದ್ದು ಡಾಕ್ಟರ ಬಳಿಗೆ ಮುಂದಿನ ಸಲ ಯಾವಾಗ ಹೋಗಬೇಕು ಎಂದು.

ಮದುವೆಯಾಗಿ ನಾಲ್ಕು ತಿಂಗಳ ಮೇಲೆ ಚಿಕಿತ್ಸೆ ಆರಂಭವಾಯಿತು. ಅವರ ಊರಿನಲ್ಲಿ ಎಲೆಕ್ಟ್ರೋಲಿಸಿಸ್ ಮಾಡುವವರಿಲ್ಲ, ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುತ್ತಾರೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ಸಿಟ್ಟಿಂಗ್ ತಪ್ಪಿ, ಗದ್ದದ ಬಲಬದಿಯಲ್ಲಿ ಕೂದಲು ಕಂಡಾಗ ಗಾಬರಿಯಿಂದ ಫೋನ್ ಮಾಡಿದ್ದರು. ಅವು ಆಗ ವಿಶ್ರಾಂತಿಯ ಹಂತದಲ್ಲಿದ್ದ ಬುಡಗಳು, ಅವುಗಳ ಸರದಿ ಈಗ ಬಂದಿದೆ ಎಂದು ನೆನಪಿಸಿದೆ. ಆ ದಿನ ಪ್ಲಕ್ಕರ್ ಹಿಡಿದಿರಾ ಎಂದು ಕೇಳಿದೆ. ಹಿಡಿದೆ, ಒಂದು ಕಿತ್ತೆ, ಮತ್ತೆ ಇಟ್ಟುಬಿಟ್ಟೆ ಎಂದರು. ಮೇಲ್ತುಟಿಯ ಭಾಗ ಇನ್ನೂ ಆರಂಭವಾಗಿಲ್ಲ. ಬೇಸಿಗೆ ರಜೆಯಲ್ಲಿ ತಾಯಿಯನ್ನು ಕರೆದುಕೊಂಡು ಹೋಗಿ ಮಾಡಿಸುವುದಾಗಿ ಹೇಳಿದ್ದಾರೆ.