ಬೇಸ್ ಗಿಟಾರ್ ಕೊಳ್ಳೋರಿಗೆ, ಬದಲಾಯಿಸೋರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೇಸ್ ಗಿಟಾರ್ ಬಗ್ಗೆಯೇ ಇವೆ. ಹೊಸದು, ಹಳೇದು, ಅದಲು ಬದಲು, ಎಲ್ಲಾ ಸೇರಿದೆ. ಎಲ್ಲರಿಗೂ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ತಲೆ ಮೇಲಿನ ಕಂಪನಿ ಹೆಸರು ನೋಡುವ ಮೊದಲು ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ನೋಡಿ. ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ ಬದಲಾಯಿಸಬಹುದು, ತಂತಿ ಬದಲಾಯಿಸಬಹುದು, ಕೆಟ್ಟ ನೆಕ್ ಮಾತ್ರ ಕೊನೆವರೆಗೂ ಕಾಡುತ್ತದೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಕಾಲೇಜ್ ಬ್ಯಾಂಡ್‌ಗೆ ಮೊದಲ ಬೇಸ್ ತಗೋಬೇಕು. ಪ್ರಿಸಿಷನ್ ಒಳ್ಳೇದಾ, ಜಾಝ್ ಒಳ್ಳೇದಾ? ಫ್ರೆಟ್‌ಬೋರ್ಡ್ (ನೆಕ್ ಮೇಲೆ ಬೆರಳು ಒತ್ತುವ ಪಟ್ಟಿ) ಬೀಟೆಯದ್ದೇ ಇರಬೇಕು ಅಂತ ಗೆಳೆಯರು ಹೇಳ್ತಾರೆ, ನಿಜವಾ?
– ಓದುಗ, ಶಿವಮೊಗ್ಗ

ಉತ್ತರ: ಎರಡೂ ಫೆಂಡರ್ ಕಂಪನಿಯ ಬೇಸ್ ಮಾಡೆಲ್‌ಗಳೇ. ಪ್ರಿಸಿಷನ್ 1951ರಲ್ಲಿ ಬಂತು, ಜಾಝ್ 1960ರಲ್ಲಿ. ಇವತ್ತು ಅಂಗಡಿಯಲ್ಲಿ ನೇತುಹಾಕಿರುವ ಬೇಸ್‌ಗಳಲ್ಲಿ ಹೆಚ್ಚಿನವು, ಹೆಸರು ಯಾವುದೇ ಇರಲಿ, ಇವೆರಡರಲ್ಲಿ ಒಂದನ್ನು ನೋಡಿ ಮಾಡಿದವು.

ಪ್ರಿಸಿಷನ್‌ನಲ್ಲಿ ಎರಡು ತುಂಡಾಗಿ ಕೂತಿರುವ ಒಂದೇ ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ದನಿ ದಪ್ಪ, ಡ್ರಮ್ಸ್ ಜೊತೆ ಗಟ್ಟಿಯಾಗಿ ಕೂರುತ್ತದೆ. ಜಾಝ್‌ನಲ್ಲಿ ಎರಡು ಪಿಕಪ್. ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಜಾಗ) ಕಡೆಯದನ್ನು ಏರಿಸಿದರೆ ದನಿ ಮೊನಚಾಗುತ್ತದೆ, ಬೆರಳಿನ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ನೆಕ್ ಕೂಡ ತಲೆ ಕಡೆ ಸಣ್ಣದು, ತಲೆ ಹತ್ತಿರ ತಂತಿ ದಾಟಿ ಹೋಗುವ ನಟ್ ಬಳಿ ಅಗಲ ಸುಮಾರು 38 ಮಿಲಿಮೀಟರ್. ಪ್ರಿಸಿಷನ್‌ನದ್ದು ಮಾಡೆಲ್ ನೋಡಿಕೊಂಡು 41ರಿಂದ 44ರವರೆಗೆ ಇರುತ್ತದೆ. ಮೂರು ಮಿಲಿಮೀಟರ್ ಏನು ಮಹಾ ಅನಿಸಬಹುದು, ಒಂದು ಗಂಟೆ ನುಡಿಸಿ ನೋಡಿ, ಎಡಗೈ ಹೇಳುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಜಾಝ್‌ನ ಎರಡು ಪಿಕಪ್ ಸಮನಾಗಿದ್ದರೆ ಗುಂಯ್ ಅನ್ನುವ ಸದ್ದು ಒಂದನ್ನೊಂದು ಹೊಡೆದು ಹಾಕುತ್ತದೆ, ಒಂದನ್ನು ಇಳಿಸಿದ ಕೂಡಲೇ ಸದ್ದು ಶುರು. ನಮ್ಮ ಗಣಪತಿ ಪೆಂಡಾಲ್ ಗೊತ್ತಲ್ವಾ, ಪಕ್ಕದಲ್ಲೇ ಜನರೇಟರ್, ತಲೆ ಮೇಲೆ ಸೀರಿಯಲ್ ಸೆಟ್, ಅರ್ಥಿಂಗ್ ದೇವರೇ ಗತಿ. ಅಂಥ ಕಡೆ ಪ್ರಿಸಿಷನ್ ಪಿಕಪ್ ಎಷ್ಟೋ ಸುಮ್ಮನಿರುತ್ತದೆ. ಹಾಗಾಗಿ ಮೊದಲ ಬೇಸ್‌ಗೆ ನನ್ನ ಓಟು ಪಿಜೆಗೆ. ಮುಂದೆ ಪ್ರಿಸಿಷನ್ ಪಿಕಪ್, ಹಿಂದೆ ಜಾಝ್ ಪಿಕಪ್. ಯಮಹಾ ಟಿಆರ್‌ಬಿಎಕ್ಸ್174, ಯಮಹಾ ಬಿಬಿ234 ಎರಡೂ ಆ ತರದವೇ. ಎರಡನ್ನೂ ಕೂತು ನುಡಿಸಿ, ಕೈಗೆ ಒಗ್ಗಿದ್ದನ್ನು ತಗೊಳ್ಳಿ.

ಬೀಟೆ ವಿಷಯ. ಮಲೆನಾಡಿನ ನಿಮಗೆ ಆ ಮರದ ಮೇಲೆ ಅಭಿಮಾನ ಇರೋದು ಸಹಜ, ಇಂಡಿಯನ್ ರೋಸ್‌ವುಡ್ ಅಂತ ಜಗತ್ತಿನ ಗಿಟಾರ್‌ಗಳ ಮೇಲೆ ಕೂರುವುದು ಅದೇ. ಆದರೆ 2017ರಲ್ಲಿ ರೋಸ್‌ವುಡ್ ಸಾಗಾಟಕ್ಕೆ ಅಂತಾರಾಷ್ಟ್ರೀಯ ಕಟ್ಟುಪಾಡು ಬಿಗಿಯಾದಾಗ ಫೆಂಡರ್‌ನವರು ಮೆಕ್ಸಿಕೊದಲ್ಲಿ ಮಾಡುವ ಗಿಟಾರ್‌ಗಳಿಗೆ ಪೌ ಫೆರೊ ಮರ ಹಾಕತೊಡಗಿದರು. ಬೇಸ್‌ನ ದನಿ ಅದರಿಂದ ಕೆಡಲಿಲ್ಲ. ಬ್ಯಾಂಡ್ ಮಧ್ಯೆ ಆ ವ್ಯತ್ಯಾಸ ಯಾರಿಗೂ ಕೇಳಿಸಲ್ಲ. ಬೀಟೆಗೆ ಅಂತ ಹೆಚ್ಚು ಕೊಡುವ ದುಡ್ಡನ್ನು ಒಳ್ಳೆ ಸೆಟಪ್‌ಗೆ, ಅಂದರೆ ನೆಕ್, ತಂತಿ ಎತ್ತರ, ಶ್ರುತಿ ಎಲ್ಲಾ ಸರಿ ಹೊಂದಿಸೋದಕ್ಕೆ, ಇಟ್ಟುಕೊಳ್ಳಿ.

ಪ್ರಶ್ನೆ: ಚರ್ಚ್ ಕ್ವಾಯರ್‌ನಲ್ಲಿ ಬೇಸ್ ನುಡಿಸುತ್ತೇನೆ. ನನ್ನದು ನಾಲ್ಕು ತಂತಿಯ ಇಬಾನೆಜ್. ಪರಿಚಯದವರೊಬ್ಬರು ತಮ್ಮ ಐದು ತಂತಿಯ ಬೇಸ್ ಕೊಡ್ತಾರಂತೆ, ನನ್ನದರ ಜೊತೆ ಮೇಲೆ ಎಂಟು ಸಾವಿರ ಕೇಳ್ತಿದ್ದಾರೆ. ಮಾಡಬಹುದಾ? ಅವರ ಬೇಸ್ ಎರಡು ವರ್ಷದಿಂದ ಕಪಾಟಿನಲ್ಲೇ ಇತ್ತಂತೆ.
– ಓದುಗ, ಮಂಗಳೂರು

ಉತ್ತರ: ಮಂಗಳೂರಿನ ಎರಡು ಮಳೆಗಾಲ ಕಪಾಟಿನಲ್ಲಿ ಕಳೆದ ಬೇಸ್ ಅಂದರೆ ಮಾರಾಯ್ರೇ, ಕೈಯಲ್ಲಿ ಹಿಡಿದು ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ಹೋಗುವಾಗ ಟ್ಯೂನರ್, ಒಂದು ಕೇಬಲ್, ಒಂದು ವಿಸಿಟಿಂಗ್ ಕಾರ್ಡ್ ಇಟ್ಟುಕೊಳ್ಳಿ. ಮೊದಲು ಟ್ಯೂನ್ ಮಾಡಿ, ಶ್ರುತಿ ಇಳಿದಿರುವಾಗ ನೆಕ್ ನಿಜ ಹೇಳಲ್ಲ. ಆಮೇಲೆ ಬೇಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬಾಡಿ ಕಡೆಯಿಂದ ತಲೆ ಕಡೆಗೆ ನೆಕ್‌ನ ಎರಡೂ ಅಂಚು ನೋಡಿ. ಸ್ವಲ್ಪ ಬಾಗಿದ್ದರೆ ಸರಿ ಹೋಗುತ್ತದೆ, ಒಂದು ಅಂಚು ಮೇಲೆ ಇನ್ನೊಂದು ಕೆಳಗೆ ಹೋಗಿ ನೆಕ್ ತಿರುಚಿಕೊಂಡಿದ್ದರೆ ಕೈ ಮುಗಿದು ಮನೆಗೆ ಬನ್ನಿ. ಇ ತಂತಿಯನ್ನು ಒಂದನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಜಾಗ ಇರಬೇಕು. ಜಾಸ್ತಿ ಇದ್ದರೆ ನೆಕ್ ಮುಂದಕ್ಕೆ ಬಾಗಿದೆ, ಜಾಗವೇ ಇಲ್ಲದಿದ್ದರೆ ಹಿಂದಕ್ಕೆ. ಎರಡನ್ನೂ ನೆಕ್ ಒಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳಿನಿಂದ ಸರಿ ಮಾಡಬಹುದು, ಆದರೆ ರಾಡ್ ಇನ್ನೂ ತಿರುಗಬೇಕಲ್ಲ! ಆಲನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿ ತೋರಿಸಿ ಅಂತ ಅವರನ್ನೇ ಕೇಳಿ. ಅಷ್ಟರಲ್ಲೇ ಕೊನೆ ಮುಟ್ಟಿ ಬಿಗಿಯಾಗಿ ನಿಂತಿದ್ದರೆ, ಅಥವಾ ನೋಡೋದೇ ಬೇಡ ಅಂತ ಅವರು ಹೇಳಿದರೆ, ಆ ಬೇಸ್ ಬೇಡ.

ಆಮೇಲೆ ಐದೂ ತಂತಿಯಲ್ಲಿ ಒಂದೊಂದೇ ಫ್ರೆಟ್ ನುಡಿಸಿ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ನಡುವೆ ಎಲ್ಲೋ ಒಂದು ಸ್ವರ ಬೇಗ ಸತ್ತು ಹೋದರೆ ಹೆದರಬೇಡಿ, ನೆಕ್ ಅನ್ನು ಸ್ಕ್ರೂ ಹಾಕಿ ಕೂರಿಸಿದ ತುಂಬಾ ಬೇಸ್‌ಗಳಲ್ಲಿ ಅದು ಇದ್ದದ್ದೇ. ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ನುಡಿಸಿದ ಸ್ವರ) ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಟ್ಯೂನರ್‌ನಲ್ಲಿ ಒಂದೇ ಬರಬೇಕು. ಬರದಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಅನ್ನು ಸ್ಕ್ರೂ ತಿರುಗಿಸಿ ಹಿಂದೆ ಮುಂದೆ ಮಾಡಬೇಕು, ಕರಾವಳಿಯಲ್ಲಿ ಆ ಸ್ಕ್ರೂಗಳೇ ತುಕ್ಕು ಹಿಡಿದು ಕೂತಿರುತ್ತವೆ, ತಿರುಗುತ್ತವಾ ನೋಡಿ. ವಾಲ್ಯೂಮ್ ತಿರುಗಿಸುವಾಗ ಚರಚರ ಅಂದರೆ ಚಿಂತೆ ಇಲ್ಲ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಹೆಚ್ಚಿನ ಸಲ ಹೋಗುತ್ತದೆ. ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಆದರೆ ಮುಚ್ಚಳ ತೆಗೆದು ನೋಡಿ. ಒಳಗೆ ಉಳಿದ 9 ವೋಲ್ಟ್ ಬ್ಯಾಟರಿ ಸೋರಿ ಕ್ಲಿಪ್ ತಿಂದಿರುತ್ತದೆ.

ಇನ್ನು ಲೆಕ್ಕ. ಅವರು ಹೇಳುವ ಬೆಲೆ ಒಂದು ಕಡೆ ಇರಲಿ. ಎರಡೂ ಬೇಸ್ ಹಳೇದಾಗಿ ಮಾರಿದರೆ ಎಷ್ಟು ಬರುತ್ತದೆ ಅಂತ ನೋಡಿ, ಆ ವ್ಯತ್ಯಾಸವೇ ಮೇಲಿನ ಹಣ. ಅದರಲ್ಲಿ ಹೊಸ ಐದು ತಂತಿಯ ಸೆಟ್ ಮತ್ತು ಸೆಟಪ್ ಖರ್ಚು ಕಳೆಯಿರಿ, ಕಪಾಟಿನಲ್ಲಿದ್ದ ಬೇಸ್‌ಗೆ ಅವೆರಡೂ ಹೇಗೂ ಬೇಕು. ಅವರು ಹೊಸದಾಗಿ ಕೊಂಡಾಗಿನ ಬಿಲ್ಲನ್ನು ಚೌಕಾಸಿಗೆ ತರಬಾರದು, ನೀವೂ ತರಬೇಡಿ.

ಕೊನೆಗೆ, ನಿಮಗೆ ಐದನೇ ತಂತಿ ನಿಜವಾಗಿ ಬೇಕಾ? ನಾಲ್ಕು ತಂತಿಯ ಕೆಳಗಿನ ಇ ಸುಮಾರು 41 ಹರ್ಟ್ಜ್, ಐದನೆಯ ಬಿ ಸುಮಾರು 31. ಸಣ್ಣ ಆಂಪ್‌ಗೆ ಆ ಬಿ ಸ್ವರ ಹೊರಗೆ ತಳ್ಳುವ ಶಕ್ತಿಯೇ ಇರಲ್ಲ, ಬರೀ ಗೊರಗೊರ ಕೇಳುತ್ತದೆ. ಹಾಡುಗಳು ಡಿ ಮೇಲೆ ಜಾಸ್ತಿ ಇದ್ದು ಕೆಳಗಿನ ಡಿ ಒಂದೇ ಸಿಗುತ್ತಿಲ್ಲ ಅಂತಾದರೆ ಇ ತಂತಿಯನ್ನೇ ಡಿಗೆ ಇಳಿಸಿ ಕೆಲವು ಭಾನುವಾರ ನುಡಿಸಿ ನೋಡಿ. ಖರ್ಚಿಲ್ಲ. ಸಿ ಮೇಲಿನ ಹಾಡುಗಳಲ್ಲೂ ತಳ ಬೇಕು ಅನಿಸಿದರೆ ಆಗ ಧೈರ್ಯವಾಗಿ ಐದು ತಂತಿಗೆ ಹೋಗಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ಬರು ಫೆಂಡರ್ ಬೇಸ್ ಅನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಹಾಕಿದ್ದಾರೆ. ಸೀರಿಯಲ್ ನಂಬರ್ ಕೂಡ ಕೊಟ್ಟಿದ್ದಾರೆ. ಅಸಲಿನಾ?
– ಓದುಗ, ಧಾರವಾಡ

ಉತ್ತರ: ನಂಬರ್ ಒಂದನ್ನೇ ನಂಬಬೇಡಿ. ಎಂಎಕ್ಸ್ ಅಂತ ಶುರುವಾಗಿ ಮುಂದೆ 15 ಇದ್ದರೆ ಮೆಕ್ಸಿಕೊದಲ್ಲಿ 2015ರ ಸುಮಾರಿಗೆ ಮಾಡಿದ್ದು ಅಂತ ಅರ್ಥ, ಆದರೆ ನಂಬರನ್ನು ಯಾರು ಬೇಕಾದರೂ ನಕಲು ಮಾಡಬಹುದು, ಲೋಗೋ ಸ್ಟಿಕರ್ ಬಿಡಿಯಾಗಿ ಸಿಗುತ್ತದೆ. ಫೆಂಡರ್‌ನದ್ದೇ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಯರ್ ಬೇಸ್‌ನ ತಲೆ ಉಜ್ಜಿ ಫೆಂಡರ್ ಅಂಟಿಸಿದವು ಸಾಕಷ್ಟು ತಿರುಗುತ್ತಿವೆ. ನೆಕ್ ಬಿಚ್ಚಿ ಅದರ ಬುಡದ ಫೋಟೊ ಕಳಿಸಿ ಅಂತ ಕೇಳಿ, ಅಲ್ಲಿ ಕಾರ್ಖಾನೆಯ ಮುದ್ರೆಯೋ ಬರಹವೋ ಇರುತ್ತದೆ. ಪಿಕಪ್ ಹೊಂಡದ ಒಳಗಿನ ವೈರಿಂಗ್ ಫೋಟೊ ಕೂಡ. ನಾಲ್ಕು ಸ್ಕ್ರೂ ಬಿಚ್ಚೋಕೆ ಹತ್ತು ನಿಮಿಷ ಸಾಕು, ಅಸಲಿ ಇದ್ದವರು ಸಾಮಾನ್ಯವಾಗಿ ಇಲ್ಲ ಅನ್ನಲ್ಲ.

ಹಾಗಂತ ಸ್ಕ್ವಯರ್ ಅಂದರೆ ಕಳಪೆ ಅಂತ ತಿಳಿಯಬೇಡಿ. 1982ರಲ್ಲಿ ಜಪಾನ್‌ನಲ್ಲಿ ಶುರುವಾದ ಜೆವಿ ಸರಣಿಯ ಸ್ಕ್ವಯರ್‌ಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ. ಸ್ಕ್ವಯರ್ ಅಂತ ಹೇಳಿ ಸ್ಕ್ವಯರ್ ಬೆಲೆಗೆ ಮಾರಿದರೆ ಖುಷಿಯಿಂದ ತಗೊಳ್ಳಿ. ಮುಂಗಡ ಕಳಿಸಬೇಡಿ. ಮಾರುವವರು ನೀವಾಗಿದ್ದಾಗ ಇನ್ನೂ ಹುಷಾರು: ಹಣ ಬರೋದಕ್ಕೆ ಯುಪಿಐ ಪಿನ್ ಹೊಡೆಯೋದೇ ಬೇಕಿಲ್ಲ. ಕ್ಯುಆರ್ ಕಳಿಸಿ ಪಿನ್ ಹಾಕಿ ಅಂದರೆ ಅದು ಮೋಸ.

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ ಬೇಸ್ ಕಲಿಯುವ ಆಸೆ. ಕೈ ಪುಟ್ಟದು. ಕಾಯಬೇಕಾ?
– ತಾಯಿ, ಬೆಂಗಳೂರು

ಉತ್ತರ: ಕಾಯೋದು ಬೇಡ ಅಕ್ಕಾ. ಮಾಮೂಲಿ ಬೇಸ್‌ನ ಸ್ಕೇಲ್, ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ, 34 ಇಂಚು, 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗಳು ಸಿಗುತ್ತವೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹೆಸರಾದದ್ದು ಅಂಥದೇ ಹೋಫ್ನರ್ ಹಿಡಿದು, ಅದು ಮಕ್ಕಳ ಆಟಿಕೆ ಅಲ್ಲ. ಇಬಾನೆಜ್ ಮೈಕ್ರೋ ಇನ್ನೂ ಚಿಕ್ಕದು, 28.6 ಇಂಚು. ಅಂಗಡಿಗೆ ಮಗಳನ್ನೇ ಕರೆದುಕೊಂಡು ಹೋಗಿ, ಬೆಲ್ಟ್ ಹಾಕಿ ನಿಲ್ಲಿಸಿ, ಒಂದನೇ ಫ್ರೆಟ್‌ಗೆ ಕೈ ಆರಾಮಾಗಿ ಹೋಗುತ್ತದಾ ನೋಡಿ. ತಂತಿ ಕೊಳ್ಳುವಾಗ ಶಾರ್ಟ್ ಸ್ಕೇಲ್‌ನದ್ದೇ ಕೇಳಿ.

ಪ್ರಶ್ನೆ: ಮನೆಯಲ್ಲಿರುವ ಗಿಟಾರ್ ಆಂಪ್‌ಗೇ ಬೇಸ್ ಹಾಕಬಹುದಾ?
– ಓದುಗ, ಮೈಸೂರು

ಉತ್ತರ: ಮನೆಯಲ್ಲಿ ಮೆಲ್ಲಗೆ ನುಡಿಸೋಕೆ ಪರವಾಗಿಲ್ಲ. ಜೋರು ಮಾಡಿದರೆ ಸ್ಪೀಕರ್ ಕೋನ್ ಹರಿದುಹೋಗಬಹುದು. ಕೀಬೋರ್ಡ್ ಆಂಪ್ ಇದ್ದರೆ ಅದು ವಾಸಿ. ಸ್ಟೇಜ್ ಮೇಲೆ ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸಿ ಕೊಡುವ ಪುಟ್ಟ ಪೆಟ್ಟಿಗೆ) ಮೂಲಕ ನೇರ ಸೌಂಡ್ ಮಿಕ್ಸರ್‌ಗೆ ಕೊಡಿ.

ಪ್ರಶ್ನೆ: ಊರಿಗೆ ಬರುವಾಗ ಇಲ್ಲಿಂದ ಹಳೇ ಬೇಸ್ ಮತ್ತು ಆಂಪ್ ತಮ್ಮನಿಗೆ ತರೋಣ ಅಂತಿದ್ದೇನೆ. ಊರು ಉಡುಪಿ.
– ಓದುಗ, ನ್ಯೂಜೆರ್ಸಿ

ಉತ್ತರ: ಬೇಸ್ ತನ್ನಿ, ಆಂಪ್ ಬಿಡಿ. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. 120 ವೋಲ್ಟ್‌ಗೆ ಮಾತ್ರ ಮಾಡಿದ, ಹಿಂಬದಿಯಲ್ಲಿ ವೋಲ್ಟೇಜ್ ಬದಲಾಯಿಸುವ ಸ್ವಿಚ್ ಇಲ್ಲದ ಆಂಪ್ ಅನ್ನು ಇಲ್ಲಿ ನೇರವಾಗಿ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಬೇಸ್‌ಗೆ ಗಟ್ಟಿ ಕೇಸ್ ಇರಲಿ, ತಂತಿ ಸ್ವಲ್ಪ ಸಡಿಲ ಮಾಡಿ. ಅಲ್ಲಿ ಚಳಿಗಾಲದಲ್ಲಿ ಹೀಟರ್ ಗಾಳಿಗೆ ಮರ ಒಣಗಿ ಫ್ರೆಟ್ ತುದಿಗಳು ಹೊರಗೆ ಚುಚ್ಚುತ್ತಿರುತ್ತವೆ, ಕೊಳ್ಳುವಾಗ ನೆಕ್ ಅಂಚಿಗೆ ಬೆರಳು ಸವರಿ ನೋಡಿ. ಉಡುಪಿಯ ತೇವಕ್ಕೆ ಬಂದ ಮೇಲೆ ಅದೇ ನೆಕ್ ಮತ್ತೆ ಅಲುಗಾಡುತ್ತದೆ, ಹಾಗಾಗಿ ಬಂದ ದಿನವೇ ಟ್ರಸ್ ರಾಡ್ ಮುಟ್ಟಬೇಡಿ ಅಂತ ತಮ್ಮನಿಗೆ ಹೇಳಿ. ಟ್ಯೂನ್ ಮಾಡಿ ಒಂದು ವಾರ ಬಿಟ್ಟು ಆಮೇಲೆ ಸೆಟಪ್ ಮಾಡಿಸಲಿ.